ತ್ರಾಸಿಯ ಅಕ್ಕುವಿನ ಗಂಡ

ಪ್ರಭಾವತಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಳ್ಳುವಾಗ ಬುಟ್ಟಿಯ ತಳಕ್ಕೆ ಕೈಹಾಕಿ, ಅಡಿಯ ಬಂಗುಡೆಯ ಕಿವಿರು ಎತ್ತಿ ನೋಡಿಯೇ ಮಾತಾಡುತ್ತಿದ್ದಳು. "ಮೇಲಿನ್ ಮೀನ್ ಎಲ್ಲರ್ದೂ ಚಂದವೇ" ಅನ್ನುತ್ತಿದ್ದಳು.

ಈ ಅನುಮಾನ ಅವಳಿಗೆ ತ್ರಾಸಿಯ ಮನೆಯಿಂದಲೇ ಬಂದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಅವಳ ಅಪ್ಪ ಐತ ಮುಂಬೈಗೆ ಹೋಗಿ ಬ್ರಿಟಿಷರ ಸರಕು ಹಡಗೊಂದಕ್ಕೆ ಖಲಾಸಿಯಾಗಿ ಸೇರಿದ್ದ. ತಾಯಿ ಅಕ್ಕು ಆಗ ಬಸುರಿ. ಐತ ಮತ್ತೆ ಬರಲಿಲ್ಲ. ಯುದ್ಧ ಮುಗಿದ ಮರುವರ್ಷ ಮುಂಬೈಗೆ ಹೋಗಿಬಂದ ಊರಿನ ಚಂದಯ್ಯ, ಐತನನ್ನು ಕಣ್ಣಾರೆ ಕಂಡೆ, ಬೇರೆ ಹೆಂಗಸಿನ ಜೊತೆ ಸಂಸಾರ ಮಾಡಿಕೊಂಡಿದ್ದಾನೆ ಎಂದ. ಊರಿಗೆ ಅಷ್ಟು ಸಾಕಾಯಿತು. ಅಕ್ಕು ಕರಿಮಣಿ ತೆಗೆಯಲಿಲ್ಲ. "ಯಾರಿಗೆ ಕಾಂಬುಕೆ ಈ ಕುಂಕುಮ?" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಕೇಳುವುದನ್ನು ಪ್ರಭಾವತಿ ಚಿಕ್ಕಂದಿನಿಂದ ಕೇಳಿ ಬೆಳೆದಳು. ೧೯೯೭ರಲ್ಲಿ ಅಕ್ಕು ತೀರಿಕೊಂಡಾಗಲೂ ಕೊರಳಲ್ಲಿ ಕರಿಮಣಿ ಇತ್ತು.

ಐದು ವರ್ಷದ ನಂತರ ಮಗ ರತನ್ ಮುಂಬೈಯಿಂದ ಫೋನ್ ಮಾಡಿದ. ಅವನು ಅಲ್ಲಿ ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತ.

"ಅಮ್ಮ, ಅಜ್ಜಯ್ಯನ ಹೆಸ್ರ್ ಸಿಕ್ತ್. ಯುದ್ಧದಗೆ ಹಡ್ಗ್ ಮುಳ್ಗಿ ಸತ್ತವ್ರ ಪುಸ್ತಕ ಒಂದಿತ್. ಅದ್ರಗೆ."

"ಐತ ಅಂದೇಳಿ ಈ ಕಡಲ ಬದಿಯಗೆ ಮನಿಗೊಬ್ರಿದ್ರ್. ಯಾವ ಐತನೋ!" ಎಂದು ಪ್ರಭಾವತಿ ಫೋನ್ ಇಟ್ಟಳು.

ಅವಳಿಗೆ ಮಗನ ಮೇಲೆಯೇ ಗುಮಾನಿ. ರತನ್‌ಗೆ ಕುಂಭಾಶಿಯಲ್ಲಿ ಹೆಣ್ಣು ನೋಡಿಯಾಗಿತ್ತು. ಹೆಣ್ಣಿನವರು ಹುಡುಗನ ಅಜ್ಜ ಓಡಿಹೋದವನೆಂಬ ಹಳೇ ಸುದ್ದಿ ಕೇಳಿಸಿಕೊಂಡು ಹಿಂದೇಟು ಹಾಕುತ್ತಿದ್ದರು. ಅಜ್ಜ ಸತ್ತದ್ದು ಯುದ್ಧದಲ್ಲಿ ಎಂದಾದರೆ ಇವನಿಗೆ ಅನುಕೂಲ. ಎರಡು ವಾರ ಯೋಚಿಸಿ, ಅವಳು ಒಬ್ಬಳೇ ಕುಂದಾಪುರದಲ್ಲಿ ರೈಲು ಹತ್ತಿದಳು.

ಮುಂಬೈ ಬಂದರಿನ ಹತ್ತಿರ ಹಡಗಿನ ಕೆಲಸಗಾರರು ಇಳಿದುಕೊಳ್ಳುವ ಹಳೆಯ ಕಟ್ಟಡ. ಪುಸ್ತಕ ಇದ್ದದ್ದು ಅಲ್ಲಿ. ಬಾಗಿಲಲ್ಲೇ ಅವಳು ಮಗನನ್ನು ತಡೆದಳು. "ನೀ ಒಳ್ಗ್ ಬಪ್ಪುದ್ ಬ್ಯಾಡ."

"ಎಂತಕ್ಕೆ?"

"ನಂಗೆ ಬೇರೆಯವ್ರ್ ಓದಿ ಹೇಳ್ಕ್."

ಒಳಗೆ ಒಬ್ಬ ಮರಾಠಿ ಗುಮಾಸ್ತ ಕೂತಿದ್ದ. ಅವಳು ಊರಿನ ಹೆಸರನ್ನೂ ಹೇಳಲಿಲ್ಲ, ತಾಯಿಯ ಹೆಸರನ್ನೂ ಹೇಳಲಿಲ್ಲ. ಐತ ಎಂಬವರೆಲ್ಲರ ವಿವರ ಓದಿ ಎಂದಷ್ಟೇ ಹರಕುಮುರುಕು ಹಿಂದಿಯಲ್ಲಿ ಕೇಳಿದಳು. ಅವನು ದಪ್ಪ ಪುಸ್ತಕ ತೆರೆದು ಬೆರಳಿಟ್ಟು ಓದತೊಡಗಿದ. ಮೊದಲನೆಯ ಐತ ಮಲ್ಪೆಯವನು. ಎರಡನೆಯವನಿಗೆ ಊರೇ ಇರಲಿಲ್ಲ. ಮೂರನೆಯದಕ್ಕೆ ಬಂದ.

"ಐತ. ಖಲಾಸಿ. ವಯಸ್ಸು ಇಪ್ಪತ್ತಾರು. ನವೆಂಬರ್ ೧೯೪೨. ದಕ್ಷಿಣ ಕನ್ನಡ ಜಿಲ್ಲೆ, ತ್ರಾಸಿಯ ಅಕ್ಕುವಿನ ಗಂಡ."

ಪ್ರಭಾವತಿ ಮತ್ತೊಮ್ಮೆ ಓದಿಸಿದಳು. ಆಮೇಲೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಗುರುತಿಲ್ಲದ ಖಲಾಸಿಯೊಬ್ಬನನ್ನು ಕರೆದು ಅದೇ ಸಾಲು ತೋರಿಸಿದಳು. ಅವನೂ ಅಕ್ಕು ಎಂದೇ ಓದಿದ. ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಊರು ಐವತ್ತು ವರ್ಷ ಒಪ್ಪದ ಮಾತನ್ನು ಯಾರೋ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಇಟ್ಟಿದ್ದರು.

ಗುಮಾಸ್ತ ನೀರು ತಂದುಕೊಟ್ಟ. ಜರ್ಮನಿಯ ಜಲಾಂತರ್ಗಾಮಿಗಳು ಸರಕು ಹಡಗುಗಳನ್ನು ಹುಡುಕಿ ಹುಡುಕಿ ಮುಳುಗಿಸುತ್ತಿದ್ದವು, ಬಂದೂಕು ಹಿಡಿಯದ ಸಾವಿರಾರು ಖಲಾಸಿಗಳು ಹಾಗೆ ಸತ್ತರು ಎಂದ. ಕೊನೆಗೆ, "ಇವರ ಮನೆಗಳಿಗೆ ಆಗಲೇ ಕಾಗದ ಬಂದಿರುತ್ತದಲ್ಲ?" ಎಂದು ಕೇಳಿದ.

ಪ್ರಭಾವತಿಗೆ ತಿಳಿದಂತೆ ಅಕ್ಕುವಿಗೆ ಅಂಥ ಕಾಗದ ಬಂದೇ ಇರಲಿಲ್ಲ. ಬಂದಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ. ಆಗ ಊರಿನಲ್ಲಿ ಇಂಗ್ಲಿಷ್ ಬಲ್ಲವನು ಒಬ್ಬನೇ. ಎಲ್ಲರ ಮನೆಯ ಕಾಗದವನ್ನೂ ಅವನೇ ಓದುತ್ತಿದ್ದ. ಅದು ಚಂದಯ್ಯ.

ಊರಿಗೆ ಬಂದ ಮರುದಿನವೇ ಪ್ರಭಾವತಿ ಗುಲ್ವಾಡಿಗೆ ಹೋದಳು. ಎಂಬತ್ತು ದಾಟಿದ್ದ ಚಂದಯ್ಯ ಅಲ್ಲಿ ಮಗಳ ಮನೆಯ ಜಗಲಿಯಲ್ಲಿ ಹೊಳೆಗೆ ಮುಖ ಮಾಡಿ ಕೂತಿದ್ದರು. ಇವಳು ಕೂರಲಿಲ್ಲ.

"ಚಂದಯ್ಯಜ್ಜ, ನಮ್ಮಪ್ಪಯ್ಯ ಸತ್ತದ್ದ್ ಯುದ್ಧ ಮುಗುಕೂ ಮುಂಚೆ. ನೀವ್ ಕಂಡದ್ದ್ ಯಾರನ್ನ?"

ಮುದುಕ ಹೊಳೆಯ ಕಡೆಯಿಂದ ಮುಖ ತಿರುಗಿಸಿದರು.

"ಯಾರನ್ನೂ ಇಲ್ಲ" ಅಂದರು.

"ಕಾಗ್ದ ಬಂದಿತ್ತಾ?"

"ಬಂದಿತ್. ನೀ ಹುಟ್ಟಿ ಹನ್ನೊಂದ್ ದಿನ ಆಗಿತ್. ನಿನ್ನಬ್ಬಿ ಬಾಣಂತಿ, ಜ್ವರ ಬೇರೆ. ಓದಿ ಹೇಳಿ ಅಂತ ಕೊಟ್ಲ್. ನಂಗೆ ಬಾಯಿ ಬರ್ಲಿಲ್ಲ. ಆರಾಮಿದ್ದ ಅಂದೆ. ಕಾಗ್ದ ಸುಟ್ಟೆ. ನಾಳೆ ಹೇಳ್ವ, ನಾಡಿದ್ದ್ ಹೇಳ್ವ ಅಂತ ವರ್ಷ ಹೋಯ್ತ್."

"ಬೇರೆ ಹೆಂಗ್ಸಿನ ಕಥೆ ಎಂತಕ್ಕೆ ಕಟ್ಟಿದ್ದ್?"

"ಯುದ್ಧ ಮುಗೀತ್. ಹೋದವ್ರೆಲ್ಲ ಬಂದ್ರ್. ಬದ್ಕಿದ್ದವ ಮನಿಗೆ ಬಪ್ಪುದಿಲ್ಲ ಅಂಬುಕೆ ಒಂದ್ ಕಾರಣ ಬೇಕಿತ್ತಲೆ, ಮಗಾ."

ಪ್ರಭಾವತಿ ಅವರ ಮುಖವನ್ನೇ ನೋಡಿದಳು. ತನ್ನ ಮಾತು ಸುಳ್ಳಾಗಬಾರದೆಂದು ಈ ಮನುಷ್ಯ ಒಬ್ಬ ಸತ್ತವನ ಮಾನ ತೆಗೆದಿದ್ದ. ಜೊತೆಗೆ ಒಬ್ಬ ಹೆಂಗಸಿನ ಬಾಳನ್ನೂ. ಜ್ವರದ ಮಾತು ನಿಜವೋ, ಕಾಗದ ಸುಡಲು ಬೇರೇನಾದರೂ ಕಾರಣವಿತ್ತೋ, ಅದನ್ನು ಹೇಳಬಲ್ಲವರು ಇನ್ನು ಯಾರೂ ಉಳಿದಿರಲಿಲ್ಲ.

"ಊರಿನವ್ರ ಎದ್ರ್ ಇದನ್ನೇ ಹೇಳ್ಕ್ ನೀವ್" ಎಂದಳು.

ಆ ನವೆಂಬರಿನಲ್ಲಿ ಅವಳು ತ್ರಾಸಿಯ ಕಡಲ ದಂಡೆಯಲ್ಲಿ ಅಪ್ಪನ ಕ್ರಿಯೆ ಮಾಡಿಸಿದಳು, ಅರವತ್ತು ವರ್ಷ ತಡವಾಗಿ. ರತನ್ ಪಿಂಡ ಬಿಟ್ಟ. ಕುಂಭಾಶಿಯ ಹೆಣ್ಣಿನ ಕಡೆಯವರೂ ಬಂದಿದ್ದರು. ಊಟಕ್ಕೆ ಮೊದಲು ಚಂದಯ್ಯ ಕೋಲೂರಿ ಎದ್ದುನಿಂತು, ಕಾಗದದ ಕಥೆಯನ್ನು ಎಲ್ಲರಿಗೂ ಹೇಳಿದರು. ಬಾವಿಕಟ್ಟೆಯ ಕಾಲದ ಮುದುಕಿಯರಿಬ್ಬರು ತಲೆ ತಗ್ಗಿಸಿದರು.

ಎಲೆ ಹಾಕಿದಾಗ ಚಂದಯ್ಯನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಪ್ರಭಾವತಿ ತಾನೇ ಹೋಗಿ ಅವರಿಗೆ ಅನ್ನ ಬಡಿಸಿದಳು, ಸಾರು ಹಾಕಿದಳು. ಅವರು ಉಂಡು ಮುಗಿಸುವವರೆಗೂ ಅಲ್ಲೇ ಕಂಬಕ್ಕೊರಗಿ, ಅವರ ಮುಖವನ್ನೇ ನೋಡುತ್ತ ನಿಂತಿದ್ದಳು.