ಕಂಡಕ್ಟರ್ ಮಾವನ ಸರದಿ

ಆ ಕಂಡಕ್ಟರನ ಬಾಯಿಗೆ ಹೆದರದ ಪ್ರಯಾಣಿಕರಿರಲಿಲ್ಲ. ಬಾಗಿಲಲ್ಲಿ ನೇತಾಡುವವರನ್ನು, ಒಳಗೇನು ಹುಲಿ ಕೂತಿದೆಯಾ ಎಂದು ಗದರಿ ಒಳಗೆ ತಳ್ಳುತ್ತಿದ್ದ. ಅಂಥ ಜಗಮೊಂಡ ಸೂಜಿ ಕಂಡರೆ ಮಾತ್ರ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆದರೂ ಸರದಿ ಬಂದಾಗ ರಜೆ ಹಾಕಿ ಆಸ್ಪತ್ರೆಗೆ ಹೋಗಿ ರಕ್ತ ಕೊಡುತ್ತಿದ್ದ. ತನ್ನ ಬಸ್ಸಿನ ಡ್ರೈವರನ ಮಗಳು ಪುಟ್ಟಿಗಾಗಿ.

ಪುಟ್ಟಿಯ ಮೈಯಲ್ಲಿ ರಕ್ತ ಸಾಕಷ್ಟು ಊರುತ್ತಿರಲಿಲ್ಲ. ಹುಟ್ಟಿನಿಂದ ಬಂದ ಕಾಯಿಲೆ. ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸದಿದ್ದರೆ ಮಗು ಬಾಡಿಹೋಗುತ್ತಿತ್ತು. ಕೊಡುವವರನ್ನು ಆಗ ಮನೆಯವರೇ ಹುಡುಕಿ ತರಬೇಕಿತ್ತು. ಕಂಡಕ್ಟರ್, ಬೀದಿಯ ಕೊನೆಯ ಟೈಲರ್, ಶಾಲೆಯ ಡ್ರಿಲ್ ಮೇಷ್ಟ್ರು, ಹೀಗೆ ನಾಲ್ಕಾರು ಜನ ಸರದಿಯ ಮೇಲೆ ಕೊಡುತ್ತಿದ್ದರು. ಅವಳಿಗೆ ಎಲ್ಲರೂ ಮಾವಂದಿರೇ.

ಹುಡುಗಿ ಭಾರಿ ಕಿಲಾಡಿ. ಯಾರ ರಕ್ತ ಏರಿತೋ, ಮುಂದಿನ ಸರದಿಯವರೆಗೆ ಅವರ ಹಾಗೇ ಆಡುವುದೆಂದು ತಾನೇ ಒಂದು ಆಟ ಕಟ್ಟಿಕೊಂಡಿದ್ದಳು. ಟೈಲರನ ತಿಂಗಳಲ್ಲಿ ಬಂದ ನೆಂಟರ ತೋಳು ಅಳೆದು ಮೂಗು ಮುರಿಯುತ್ತಿದ್ದಳು. ಮೇಷ್ಟ್ರ ತಿಂಗಳಲ್ಲಿ ಅಜ್ಜಿಯನ್ನೂ ಬಿಡದೆ ಸಾಲಾಗಿ ನಿಲ್ಲಿಸುತ್ತಿದ್ದಳು. ಕಂಡಕ್ಟರ್ ಮಾವನ ತಿಂಗಳು ಬಂತೆಂದರೆ ಮನೆಮಂದಿಯ ಕಿವಿ ತೂತು! ಅವನು ಕೊಟ್ಟ ಹಳೆಯ ಸೀಟಿ ಊದಿ, ಬಚ್ಚಲಿಗೆ ಹೊರಟವರನ್ನೂ ಮುಂದೆ ಹೋಗಿ, ಮುಂದೆ ಹೋಗಿ ಎಂದು ತಳ್ಳುತ್ತಿದ್ದಳು.

ಮಿಕ್ಕವರು ರಕ್ತ ಕೊಟ್ಟು ಮನೆಗೆ ಹೋಗುತ್ತಿದ್ದರು. ಇವನು ಹೋಗುತ್ತಿರಲಿಲ್ಲ. ಅವಳ ಮಂಚದ ಪಕ್ಕ ಸ್ಟೂಲು ಎಳೆದು ಕೂತು, ರಕ್ತ ಏರುತ್ತಿದ್ದಂತೆ ಸ್ಟಾಪು ಕೂಗುತ್ತಿದ್ದ: ಮಣಿಕಟ್ಟು, ಮೊಣಕೈ, ಭುಜ, ಎದೆ. ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ಮಕ್ಕಳಿಲ್ಲದ ಅವನಿಗೆ ಆ ನಗುವೇ ಸಂಬಳ, ಸಾರಿಗೆ ಎಲ್ಲ. ಎಂಥ ದಿನಗಳಪ್ಪ ಅವು!

ಅವಳು ಹೈಸ್ಕೂಲಿಗೆ ಬಂದಾಗ ಹೊಸ ಪರೀಕ್ಷೆಯೊಂದು ಬಂತು. ಪುಟ್ಟಿಗೆ ಹೆಪಟೈಟಿಸ್ ಸಿ ಇದೆ ಎಂದು ತಿಳಿಯಿತು. ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂತು ಅದನ್ನು ಕೆಡಿಸುವ ಸೋಂಕು. ಏರಿಸಿದ ರಕ್ತದ ಜೊತೆಗೇ ಬಂದಿರಬೇಕು ಎಂದರು ಡಾಕ್ಟರು. ಮಾವಂದಿರನ್ನೆಲ್ಲ ಪರೀಕ್ಷಿಸಿದರು. ಇದ್ದದ್ದು ಕಂಡಕ್ಟರನಲ್ಲಿ ಮಾತ್ರ. ಒಂದು ದಿನ ಮಲಗಿದವನಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು?

ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದನೇನೋ, ಪುಣ್ಯಾತ್ಮ. ಡ್ರೈವರನೇ ಬಂದು, ನಿನ್ನ ತಪ್ಪಲ್ಲ ಕಣೋ ಎಂದು ಕೈ ಹಿಡಿದುಕೊಂಡ. ಆದರೆ ಆ ಮನೆಯ ಮುಂದೆ ಹಾಯುವ ಮುಖ ಅವನಿಗಿರಲಿಲ್ಲ. ದೂರದ ರೂಟು ಕೇಳಿ ಹಾಕಿಸಿಕೊಂಡು, ಮನೆಯನ್ನೂ ಬದಲಾಯಿಸಿದ.

ವರ್ಷಗಳ ಮೇಲೆ ಆ ಸೋಂಕಿಗೆ ಮಾತ್ರೆ ಬಂತು. ನುಂಗಿದ, ಗುಣವಾದ. ಆದರೂ ಇನ್ನು ರಕ್ತ ಕೊಡುವಂತಿಲ್ಲ ಎಂದರು ಡಾಕ್ಟರು. ಅವನಿಗೆ ಬೇಕಿದ್ದ ಸುದ್ದಿ ಒಂದೇ, ಪುಟ್ಟಿಗೆ ವಾಸಿಯಾಯಿತೋ ಇಲ್ಲವೋ. ಕೇಳಲು ಬಾಯಿ ಬರಲಿಲ್ಲ. ನಿವೃತ್ತಿಯಾದ ಮೇಲಂತೂ ಅದೇ ಕೊರಗು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಸೀಟಿ ಕೇಳಿಸಿತು. ಹೊರಗೆ ಪುಟ್ಟಿ, ಆಗಲೇ ದೊಡ್ಡ ಹೆಂಗಸು. ನನಗೂ ವಾಸಿಯಾಯಿತು ಎಂದಳು. ಅವನು ತಲೆ ಎತ್ತಲಿಲ್ಲ.

"ಅದನ್ನ ನಿನ್ನ ಮೈಗೆ ಹಾಕಿದ್ದು ನಾನೇ ಅಲ್ವೇನಮ್ಮ."

"ಇರಬಹುದು ಮಾವ. ನಿನ್ನ ರಕ್ತ ಇಲ್ದೆ ಇದ್ರೆ ಆ ಮೈಯೇ ಇರ್ತಿರಲಿಲ್ವಲ್ಲ." ಹೊಸ್ತಿಲ ಮೇಲೆ ಕೂತಳು. "ಈಗ ಯಾರ ರಕ್ತ ಅಂತ ಹೇಳೋದೇ ಇಲ್ಲ. ಚೀಲದ ಮೇಲೆ ಬರೀ ನಂಬರು. ನಂಬರಿನ ಹಾಗೆ ಹೇಗೆ ಆಡ್ಲಿ? ಅದಕ್ಕೇ ಇಷ್ಟು ವರ್ಷ ನಿನ್ನ ತಿಂಗಳನ್ನೇ ಎಳೀತಾ ಇದೀನಿ. ನಾಳೆ ನನಗೆ ರಕ್ತ ಏರಿಸ್ತಾರೆ. ಬರ್ತೀಯಾ?"

ಮರುದಿನ ವಾರ್ಡಿನಲ್ಲಿ ಅವನು ಸ್ಟೂಲು ಎಳೆದು ಕೂತ. ಮಣಿಕಟ್ಟು ಎಂದ, ಮೊಣಕೈ ಎಂದ. ಭುಜಕ್ಕೆ ಬರುವಷ್ಟರಲ್ಲಿ ಕೂಗು ನಿಲ್ಲಿಸಿ ಕಣ್ಣೊರೆಸಿಕೊಂಡ. ಪುಟ್ಟಿ ಇನ್ನೊಂದು ಕೈಯಿಂದ ಸೀಟಿ ತೆಗೆದು ಮೆಲ್ಲಗೆ ಊದಿದಳು.

"ರೈಟ್ ರೈಟ್ ಮಾವ, ಗಾಡಿ ಯಾಕೆ ನಿಲ್ಲಿಸ್ದೆ?"