ಪದ್ಮವ್ವನ ಸ್ಟೆಡಿ ಆನ್

ನಮ್ಮ ಐಗಳಿಯ ಪದ್ಮವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಬೆಳಕಿನ ನಾಲ್ಕಾರು ಇಂಗ್ಲಿಷ್ ಮಾತುಗಳನ್ನು ಅವಳಷ್ಟು ರುಚಿಯಾಗಿ ಬಳಸುವವರನ್ನು ನಾನು ಕಂಡಿಲ್ಲ. ನಾನು ಅವಳ ನೆರೆಮನೆಯವನು, ಟೆಂಪೋ ಹೊಡೆಯುವವನು. ಅವಳ ಗಂಡ ರಾವಸಾಹೇಬನದು ಮದುವೆ, ಜಯಂತಿಗಳಿಗೆ ಲೈಟಿನ ಸರ ಹಾಕುವ ಉದ್ಯೋಗ. ಸರಗಳ ಕೊನೆಗೆ ಅಂಗೈಯಗಲದ ಒಂದು ಡಬ್ಬಿ, ಅದಕ್ಕೊಂದು ಗುಂಡಿ. ಒತ್ತಿದ ಹಾಗೆಲ್ಲ ಬೆಳಕು ಕುಣಿಯುವ ನಮೂನೆ ಬದಲಾಗುತ್ತದೆ, ಆ ನಮೂನೆಗಳ ಹೆಸರು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿರುತ್ತದೆ. ಕಟ್ಟೆಯ ಮೇಲೆ ಕುಳಿತು ಸುಟ್ಟ ಬಲ್ಬು ತೆಗೆದು ಹೊಸದು ಕೂಡಿಸುವುದು ಪದ್ಮವ್ವನ ಕೆಲಸ. ಕೂಡಿಸಿದ ಮೇಲೆ ಒತ್ತಿ ನೋಡಬೇಕಲ್ಲ? ಅವಳು ಒತ್ತುತ್ತಿದ್ದಳು, ಗಂಡ ಹೆಸರು ಹೇಳುತ್ತಿದ್ದ. ಹಾಗೆ ಬಂದ ವಿದ್ಯೆ ಅದು.

ಎಲ್ಲಾ ಬಲ್ಬು ಒಮ್ಮೆಲೇ ಹತ್ತಿ ಒಮ್ಮೆಲೇ ಆರಿದರೆ ಫ್ಲ್ಯಾಶ್. ಅಲ್ಲೊಂದು ಇಲ್ಲೊಂದು ಚಿಕ್ಕೆಯಂತೆ ಮಿಣುಕಿದರೆ ಟ್ವಿಂಕಲ್. ಮೆಲ್ಲಗೆ ಏರಿ ಮೆಲ್ಲಗೆ ಇಳಿದರೆ ಸ್ಲೋ ಗ್ಲೋ. ಯಾವ ಕುಣಿತವೂ ಇಲ್ಲದೆ ಸುಮ್ಮನೆ ಉರಿದರೆ ಸ್ಟೆಡಿ ಆನ್. ಕಲಿತದ್ದನ್ನು ಪದ್ಮವ್ವ ಡಬ್ಬಿಯಲ್ಲೇ ಬಿಡದೆ ಊರಮಂದಿಗೂ ಹಚ್ಚಿದಳು. ಕಪ್ಪು ಕನ್ನಡಕ ಹಾಕಿ ಬೈಕಿನ ಮೇಲೆ ಮೆರೆಯುವವನಿಗೆ "ಫ್ಲ್ಯಾಶ್ ಅದಾನ ತಗೋ" ಎನ್ನುತ್ತಾಳೆ. ಬಾಣಂತನ ಮುಗಿಸಿ ಮೈ ತುಂಬಿಕೊಂಡ ಹುಡುಗಿಯನ್ನು ಕಂಡರೆ "ಮಾರಿಗಿ ಸ್ಲೋ ಗ್ಲೋ ಬಂದೈತಿ, ದೃಷ್ಟಿ ತಗೀರಿ" ಎನ್ನುತ್ತಾಳೆ. ಚುನಾವಣೆಗೊಮ್ಮೆ ಮುಖ ತೋರಿಸುವವರೆಲ್ಲ ಟ್ವಿಂಕಲ್. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನಂತೂ "ಲೂಜ್ ಕನೆಕ್ಷನ್". ಗಂಡನೊಬ್ಬನನ್ನು ಮಾತ್ರ ಸ್ಟೆಡಿ ಆನ್ ಎಂದು ಕರೆಯುತ್ತಾಳೆ, ಅದನ್ನೂ ಅವನ ಬೆನ್ನ ಹಿಂದೆ.

ಆ ಸ್ಟೆಡಿ ಮನುಷ್ಯ ಹೋದ ಬೇಸಿಗೆಯಲ್ಲಿ ನಿಚ್ಚಣಿಕೆಯಿಂದ ಬಿದ್ದು ಕಾಲು ಮುರಿದುಕೊಂಡ. ಮುಂದಿನ ವಾರವೇ ಪಕ್ಕದೂರು ಅನಂತಪುರದಲ್ಲಿ ದೊಡ್ಡ ಮದುವೆಯ ಕೆಲಸವಿತ್ತು. ಕುರಿ ಹಿಂಡಿನ ಯಜಮಾನ ಬಾಳಾಸಾಬ ತನ್ನ ಮಗಳು ಗಂಗಾಳ ಲಗ್ನಕ್ಕೆ ಲೈಟು ಹೇಳಿಟ್ಟಿದ್ದ. ಸುದ್ದಿ ತಿಳಿದು ಅವನೇ ಮನೆಗೆ ಬಂದ. ರಾವಸಾಹೇಬನ ಕಾಲು ನೋಡಿ ಲೊಚಗುಟ್ಟಿ, ಚಹಾ ಕುಡಿದು, ಎದ್ದು ನಿಂತು ವಿಷಯಕ್ಕೆ ಬಂದ.

"ಯಕ್ಕಾ, ಬ್ಯಾಸರ ಮಾಡ್ಕೋಬ್ಯಾಡ. ನಿಪ್ಪಾಣಿ ಕಡೆ ಮಂದಿಗೆ ಹೇಳ್ತೇನಿ. ಇದು ಹೆಣ್ಮಕ್ಕಳ ಕೈಲೆ ಆಗೂ ಕೆಲಸಲ್ಲ."

ಪದ್ಮವ್ವನ ಮುಖ ಕೆಂಪಾಯಿತು. "ಬಲ್ಬ್ ಕೂಡಿಸಾಕ ಹೆಣ್ಮಕ್ಕಳ ಕೈ ಬೇಕು, ಹಚ್ಚಾಕ ಬ್ಯಾಡೇನ್ರಿ ಅಣ್ಣಾರ? ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ನಿಮ್ಮ ಹಂದರದಾಗ ಲೈಟ್ ಹೋತಂದ್ರ, ಈ ಸಾಮಾನೆಲ್ಲಾ ಮಾರಿ ಕಬ್ಬ ಕಡ್ಯಾಕ ಹೋಗ್ತೇನಿ. ಇನ್ನೇನ್ ಹೇಳ್ಲಿ?"

ಬಾಳಾಸಾಬ ರಾವಸಾಹೇಬನ ಕಡೆ ನೋಡಿದ. ಅವನು ಹೂಂ ಎಂದು ತಲೆಯಾಡಿಸಿದ. "ಆತು, ನೋಡೂಣು" ಎಂದು ಬಾಳಾಸಾಬ ಹೊರಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತು ವರ್ಷದ ಉದ್ಯೋಗವನ್ನು ಒಂದು ಸಂಜೆಗೆ ಪಣವಾಗಿ ಒಡ್ಡಿಬಿಟ್ಟಿದ್ದಳು.

ಲಗ್ನದ ದಿನ ಸಾಮಾನನ್ನೂ ರಾವಸಾಹೇಬನನ್ನೂ ನನ್ನ ಟೆಂಪೋದಲ್ಲೇ ಹಾಕಿಕೊಂಡು ಹೋದೆ. ಅವನು ಪ್ಲಾಸ್ಟರಿನ ಕಾಲು ಚಾಚಿ ಕುರ್ಚಿಯಲ್ಲಿ ಕುಳಿತ. ಪದ್ಮವ್ವ ಸೀರೆಯ ಕಚ್ಚೆ ಬಿಗಿದು ನಿಚ್ಚಣಿಕೆ ಏರಿದಳು. ಓಣಿಯ ಬಾಯಿಗೆ ದೊಡ್ಡ ಕಮಾನು, ಅಲ್ಲಿಂದ ಹಂದರದವರೆಗೂ ಸರಗಳು. ಕೆಳಗೆ ನಿಂತು ಹಲ್ಲು ಕಿಸಿಯುತ್ತಿದ್ದ ಗಂಡಸರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಒಬ್ಬಿಬ್ಬರಿಗೆ ಬೈದೇ ಬಿಟ್ಟೆ.

ಮುಹೂರ್ತ ಗೋರಜದ್ದು, ಹೊತ್ತು ಮುಳುಗುವಾಗ ದನಕುರಿಗಳು ಮನೆಗೆ ಬರುವ ಗಳಿಗೆ. ಆ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಹಿಂಡು ದಡ್ಡಿ ಸೇರುವವರೆಗೆ ಮಗಳ ಮೇಲೆ ಅಕ್ಷತೆಯ ಅಕ್ಕಿಕಾಳು ಹಾಕುವುದಿಲ್ಲ. ಕುರಿ ಕೂಡುವ ಆ ದಡ್ಡಿ ಇರುವುದು ಮನೆಯ ಹಿಂದೆ, ದಾರಿ ಆ ಕಮಾನಿನ ಕೆಳಗೆ. ಹುಟ್ಟಿದಾಗಿನಿಂದ ಕುರಿ ಕಾಯ್ದವರು ಕಮಾನು ಎಲ್ಲಿ ನಿಲ್ಲಿಸಬೇಕೆಂದು ತಾವೇ ಬೆರಳು ಮಾಡಿ ತೋರಿಸಿದ್ದರು. ಕುರಿಗಳು ಅದರ ಕೆಳಗೇ ಬರಬೇಕೆಂಬ ನೆನಪು ಲಗ್ನದ ಗಡಿಬಿಡಿಯಲ್ಲಿ ಒಬ್ಬರಿಗೂ ಆಗಿರಲಿಲ್ಲ.

ಹೊತ್ತು ಇಳಿಯಿತು. ಬಾಳಾಸಾಬನ ತಮ್ಮ ಮಾಳೇಶ ಹಿಂಡು ಹೊಡೆದುಕೊಂಡು ಓಣಿಯ ಬಾಯಿಗೆ ಬಂದ. ಸರಿಯಾಗಿ ಅದೇ ಹೊತ್ತಿಗೆ ಡಿಜೆ ಬಾರಿಸುವ ಕುನಾಲ, "ಏನ್ ಸಪ್ಪಗ ಇಟ್ಟೀರಿ" ಎಂದು ಪದ್ಮವ್ವನ ಡಬ್ಬಿ ಎಳೆದುಕೊಂಡು ಫ್ಲ್ಯಾಶ್ ಒತ್ತಿದ. ಕಮಾನು ಮಿಂಚಿತು, ಕತ್ತಲಾಯಿತು, ಮಿಂಚಿತು. ಮುಂದಿದ್ದ ಟಗರು ಕಾಲೂರಿ ನಿಂತುಬಿಟ್ಟಿತು. ಹಿಂದಿನವು ಅದರ ಮೇಲೆ ಬಿದ್ದು, ಅರ್ಧ ಹಿಂಡು ಬೀಗರ ಕುರ್ಚಿಗಳ ನಡುವೆ ನುಗ್ಗಿತು. ಶುರುವಾಗಿದ್ದ ಮಂಗಳಾಷ್ಟಕ ನಿಂತಿತು. ಬಾಸಿಂಗ ಕಟ್ಟಿಕೊಂಡ ಗಂಗಾ ಅಳು ತಡೆದುಕೊಂಡು ಅಪ್ಪನನ್ನು ನೋಡುತ್ತಿದ್ದಳು.

"ಗಳಿಗಿ ಮೀರಾಕತ್ತೈತಿ!" ಎಂದು ಲಗ್ನ ಮಾಡಿಸುವ ಅಯ್ಯನವರು ಕೂಗಿದರು.

"ಲೈಟ್ ತಗೀರಿ! ಎಲ್ಲಾ ತಗೀರಿ!" ಎಂದ ಬಾಳಾಸಾಬ.

ಲೈಟು ತೆಗೆದರೆ ಪದ್ಮವ್ವನ ಮಾತು ಮುಗಿಯಿತು. ಕತ್ತಲಲ್ಲಿ ಬೆದರಿದ ಹಿಂಡು ಯಾರನ್ನು ತುಳಿಯುತ್ತದೋ ಅದೂ ಗೊತ್ತಿಲ್ಲ. ಯಾರೋ ಪ್ಲಗ್ಗಿಗೆ ಕೈ ಹಾಕಿದ್ದರು. "ಮುಟ್ಟಿದ್ರ ಕೈ ಮುರೀತೇನಿ!" ಎಂದು ಪದ್ಮವ್ವ ಕೂಗಿದ ದನಿಗೆ ಆ ಕೈ ಹಿಂದೆ ಸರಿಯಿತು. "ಬಿಡಲೇ" ಎಂದು ಕುನಾಲನಿಂದ ಡಬ್ಬಿ ಕಸಿದುಕೊಂಡಳು. ಹೆಬ್ಬೆರಳಿನಿಂದ ಪಟಪಟ ಒತ್ತಿದಳು. ಬೆಳಕು ಇಳಿಯಿತು, ಮಿಣುಕಿತು, ಆಮೇಲೆ ನಿಂತಿತು. ಸ್ಟೆಡಿ ಆನ್.

"ಮಾಳೇಶಣ್ಣಾ, ಈಗ ಕರೀರಿ!"

ಮಾಳೇಶ ನಾಲಗೆಯಿಂದ ಸದ್ದು ಮಾಡಿದ. ಟಗರು ಕಮಾನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿತು, ಮುಂದೆ ಹೆಜ್ಜೆ ಇಟ್ಟಿತು. ಇಡೀ ಹಿಂಡು ಅದರ ಬೆನ್ನಿಗೆ ಬಂತು. ಕಡೆಯ ಮರಿ ದಡ್ಡಿ ಸೇರಿದ್ದೇ ಪದ್ಮವ್ವ ಮತ್ತೆ ಗುಂಡಿ ಒತ್ತಿ ಸ್ಲೋ ಗ್ಲೋ ಹಾಕಿದಳು. ಓಣಿಯ ತುಂಬ ಎದ್ದ ಕುರಿಧೂಳು ಬೆಳಕಿನೊಡನೆ ಹೊನ್ನಾಗಿ ಏರಿತು, ಇಳಿಯಿತು. ಅಯ್ಯನವರ ದನಿ ಎದ್ದಿತು, ಅಕ್ಕಿಕಾಳು ಸುರಿದವು. ಗಂಗಾ ನಕ್ಕಳು. ನಾನು ಶಿಳ್ಳೆ ಹೊಡೆದೆ, ಹೊಡೆಯದೆ ಇರಲು ಆಗಲಿಲ್ಲ.

ಉಡುಗೊರೆಯ ಆಯೇರಿ ಮಾಡುವಾಗ ಬಾಳಾಸಾಬ ಕೇಸರಿ ಪಟಗಾ ಹಿಡಿದು ರಾವಸಾಹೇಬನ ಕುರ್ಚಿಯ ಹತ್ತಿರ ಬಂದ. ಲೈಟಿನವನ ತಲೆಗೆ ಪಟಗಾ ಸುತ್ತಿ ಮಾನ ಮಾಡುವುದು ರೂಢಿ. ರಾವಸಾಹೇಬ ಅವನ ಕೈ ಹಿಡಿದು ನಿಲ್ಲಿಸಿದ.

"ಇವತ್ತ ಲೈಟ್ ಹಚ್ಚಿದವ ನಾ ಅಲ್ರಿ."

ಬಾಳಾಸಾಬ ಪಟಗಾ ಹಿಡಿದೇ ತಿರುಗಿದ. ನೇರ ಪದ್ಮವ್ವನ ಹತ್ತಿರ ಹೋಗಿ, ತಲೆಯ ಸೆರಗಿನ ಮೇಲೆಯೇ ಪಟಗಾ ಸುತ್ತಿದ. "ನಂದ ತಪ್ಪಾತ ಯಕ್ಕಾ" ಎಂದ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದ ಸದ್ದಿನಲ್ಲಿ ಕುನಾಲನ ಡಿಜೆ ಕೇಳಿಸಲೇ ಇಲ್ಲ. ಪದ್ಮವ್ವ ಅತ್ತಳು, ಪಟಗಾ ಮಾತ್ರ ತೆಗೆಯಲಿಲ್ಲ.

ಊಟದ ಹೊತ್ತಿಗೆ ರಾಯಬಾಗ ಕಡೆಯ ಬೀಗರೊಬ್ಬರು ರಾವಸಾಹೇಬನ ಬಳಿ ಬಂದು ಕುಳಿತರು. "ನಮ್ಮಲ್ಲೂ ಲಗ್ನ ಐತ್ರಿ. ನಿಮಗ ಯಾವ ತಾರೀಖ ಆಗತೈತಿ ಹೇಳ್ರಿ" ಎಂದರು.

ರಾವಸಾಹೇಬ, ಪಟಗಾ ತೆಗೆಯದೆಯೇ ವಾಯರು ಸುತ್ತುತ್ತಿದ್ದ ಹೆಂಡತಿಯ ಕಡೆ ಕೈ ಮಾಡಿದ. "ಮಾಲಕರು ಅಲ್ಲಿ ಅದಾರ. ಅವರನ್ನ ಕೇಳ್ರಿ."