ಕಂಬಳಿಗೆ ಬಿದ್ದ ನಕ್ಷತ್ರಗಳು

ಗೃಹಪ್ರವೇಶಕ್ಕೆ ಹೋದರೆ ನಾನು ಮೊದಲು ನೋಡುವುದು ಬಾಗಿಲು ಸರಿಯಾಗಿ ಮುಚ್ಚುತ್ತದೆಯೋ ಇಲ್ಲವೋ ಎಂಬುದನ್ನು. ಮನೆಯವರು ಅಡುಗೆಮನೆ ತೋರಿಸಬೇಕೆಂದು ಕಾಯುತ್ತಿರುತ್ತಾರೆ. ನಾನು ಕದವನ್ನು ಹಿಂದೆ ಮುಂದೆ ಆಡಿಸುತ್ತ ನಿಂತಿರುತ್ತೇನೆ. ಎಲ್ಲೋ ಒಂದು ಕಡೆ ಕಿರ್ ಎಂದಿತೆಂದರೆ ನನ್ನ ಜೀವಕ್ಕೆ ಸಮಾಧಾನ. ಹೊಸದುರ್ಗದ ಕಡೆಯ ಹೈಸ್ಕೂಲುಗಳಲ್ಲಿ ಬಹಳ ವರ್ಷ ಪಾಠ ಹೇಳಿ, ಲೆಕ್ಕವಿಲ್ಲದಷ್ಟು ಉತ್ತರಪತ್ರಿಕೆಗಳಲ್ಲಿ ತಪ್ಪಿಗೆ ಮಾತ್ರ ಕೆಂಪು ಶಾಯಿ ಸುರಿದದ್ದರ ಫಲ ಇದು. ನಿವೃತ್ತಿಯಾದ ಮೇಲಾದರೂ ಈ ಚಾಳಿ ಬಿಟ್ಟೀತು ಎಂದು ನನ್ನ ಹೆಂಡತಿ ಆಸೆ ಇಟ್ಟುಕೊಂಡಿದ್ದಳು. ನಿವೃತ್ತಿಯಾದ ಮೇಲೆ ನನಗೆ ಸಿಕ್ಕಿದ್ದು, ನನ್ನ ಬದಲು ಅದೇ ಕೆಲಸವನ್ನು ತಾನೇ ತಾನಾಗಿ ಮಾಡುವ ಏರ್ಪಾಡು.

ಹಿರಿಯೂರಿನಲ್ಲಿ ನಮ್ಮದೊಂದು ಕಂಬಳಿ ನೇಯುವವರ ಸಂಘವಿದೆ. ಮಾರಿಕಣಿವೆಯ ಸುತ್ತಿನ ಹಳ್ಳಿಗಳ ಹದಿಮೂರು ಮಂದಿ ಸದಸ್ಯರು. ಕುರಿ ಅವರದೇ, ಉಣ್ಣೆ ಅವರದೇ, ಮಗ್ಗವೂ ಅವರದೇ. ಕಾಗದ ಪತ್ರ ಬರೆಯಬಲ್ಲವನು ಎಂಬ ಒಂದೇ ಕಾರಣಕ್ಕೆ ನಾನು ಕಾರ್ಯದರ್ಶಿ. ಈಚೆಗೆ ಕಂಬಳಿಗಳು ಇಂಟರ್ನೆಟ್ಟಿನಲ್ಲೂ ಮಾರಾಟವಾಗುತ್ತವೆ. ಪ್ರತಿ ಕಂಬಳಿಯ ಮೂಲೆಯಲ್ಲಿ ನೇಯ್ದವರ ಹೆಸರಿನ ಚೀಟಿ. ಕೊಂಡವರು ಇಷ್ಟವಿದ್ದರೆ ಫೋನಿನಲ್ಲಿ ಒಂದು ಫಾರಂ ತೆರೆದು, ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು, ಎರಡು ಮಾತು ಬರೆಯಬಹುದು. ಚಿತ್ರದುರ್ಗದಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ, ಈ ಫಾರಮನ್ನು ನೇಕಾರರ ಮೆಸೇಜ್ ಗ್ರೂಪಿಗೆ ಜೋಡಿಸುವುದು ಹೇಗೆಂದು ಒಬ್ಬ ಹುಡುಗಿ ಹೇಳಿಕೊಟ್ಟಳು. ಇಂಥದ್ದು ಬಂದರೆ ಇಂಥ ಕಡೆಗೆ ಕಳಿಸು ಎಂದು ಒಮ್ಮೆ ಬರೆದಿಟ್ಟರೆ ಸಾಕು, ಆಮೇಲೆ ಮಧ್ಯದಲ್ಲಿ ಮನುಷ್ಯರು ಬೇಡ.

ನಾನು ಬರೆದಿಟ್ಟ ನಿಯಮ ಹೀಗಿತ್ತು: ಮೂರು ಅಥವಾ ಅದಕ್ಕಿಂತ ಕಡಿಮೆ ನಕ್ಷತ್ರ ಬಂದರೆ, ನೇಯ್ದವರ ಹೆಸರಿನ ಸಮೇತ ಆ ಕ್ಷಣವೇ ಗ್ರೂಪಿಗೆ. ನಾಲ್ಕೋ ಐದೋ ಬಂದರೆ ಸದ್ದಿಲ್ಲದೆ, ನನ್ನೊಬ್ಬನಿಗೇ ಕಾಣುವ ಒಂದು ಶೀಟಿನಲ್ಲಿ ಹೋಗಿ ಕೂರಬೇಕು.

"ಒಳ್ಳೇದನ್ನ ಗ್ರೂಪಿಗೆ ಹಾಕಲ್ವಾ ಸರ್?" ಎಂದಳು ಹುಡುಗಿ.

"ಒಳ್ಳೇದು ಬಂದ್ರೆ ನಾವು ಮಾಡೋದೇನಿರುತ್ತಮ್ಮ?" ಎಂದೆ. ಇಡೀ ತರಗತಿ ನನ್ನನ್ನು ಗೌರವದಿಂದ ನೋಡಿತು ಎಂದು ಆಗ ಅನ್ನಿಸಿತ್ತು.

ಹಿಂದೆಲ್ಲ ದೂರು ಎಂಬುದು ನಡೆದುಕೊಂಡು ಬರುತ್ತಿತ್ತು. ಚಿಕ್ಕಜಾಜೂರಿನವನೊಬ್ಬ ತಾನು ಕೊಂಡ ಕಂಬಳಿ ಸರಿಯಿಲ್ಲ ಎಂದು ರೇಗಿ ಹೊಳಲ್ಕೆರೆಯ ನೆಂಟನಿಗೆ ಹೇಳುತ್ತಿದ್ದ. ಆ ನೆಂಟ ಯಾವುದೋ ಮದುವೆಯಲ್ಲಿ ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಗೆ ಹೇಳುತ್ತಿದ್ದ. ವ್ಯಾಪಾರಿ ಮುಂದಿನ ಸಂತೆಯಲ್ಲಿ ನೇಯ್ದವನನ್ನು ಕಾಣುವ ಹೊತ್ತಿಗೆ ದೂರಿನ ಕಾವು ಆರಿ, "ಜಾಜೂರಿನೋರು ನಿನ್ನ ಕೇಳಿದ್ರು ಕಣಪ್ಪ" ಎಂಬಷ್ಟೇ ಉಳಿದಿರುತ್ತಿತ್ತು. ನನ್ನ ಏರ್ಪಾಡಿನಲ್ಲಿ ದೂರು ಬಿಸಿಬಿಸಿಯಾಗಿಯೇ ಬಂದು ಬೀಳುತ್ತಿತ್ತು. ಇದನ್ನು ನಾನು ಸುಧಾರಣೆ ಎಂದುಕೊಂಡಿದ್ದೆ.

ನಮ್ಮ ಸದಸ್ಯರಲ್ಲಿ ಎಲ್ಲರಿಗಿಂತ ಹಿರಿಯ ಕೆಂಚಪ್ಪಜ್ಜ. ಅವನ ಹತ್ತಿರ ಫೋನಿಲ್ಲ. ಗ್ರೂಪಿಗೆ ಬಂದದ್ದನ್ನು ಸೊಸೆ ರತ್ನಮ್ಮ ಓದಿ ಹೇಳುತ್ತಾಳೆ. ಅವನ ಕಂಬಳಿಯೇ ಹೆಚ್ಚು ಖರ್ಚಾಗುವುದರಿಂದ ಅವನ ಮೇಲಿನ ದೂರೂ ಹೆಚ್ಚು. ಒಬ್ಬರು ಕುರಿಯ ವಾಸನೆ ಎಂದರು. ಕರಿ ಕಂಬಳಿ ಬೇಕೆಂದು ತರಿಸಿಕೊಂಡ ಇನ್ನೊಬ್ಬರು ಬಣ್ಣ ತೀರಾ ಕಪ್ಪು ಎಂದರು. ಮೂರು ನಾಲ್ಕು ಜನ ಮೈಗೆ ಚುಚ್ಚುತ್ತದೆ ಎಂದರು. ಚುಚ್ಚುತ್ತದೆ, ನಿಜ. ಹುಣಸೆ ಬೀಜದ ಗಂಜಿ ಹಚ್ಚಿದ ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರುತ್ತದೆ. ಆ ಗಂಜಿಯಿಂದಲೇ ಮಳೆಯ ನೀರು ಒಳಗಿಳಿಯದೆ ಜಾರಿಹೋಗುವುದು. ಕೆಲವು ತಿಂಗಳು ಮೈಮೇಲೆ ಬಿದ್ದ ಮೇಲೆ ತಾನೇ ಮೆತ್ತಗಾಗುತ್ತದೆ. ಇದನ್ನು ನಾನು ಕೊಂಡವರಿಗೆ ತಿಳಿಸಬೇಕಿತ್ತು. ತಿಳಿಸುವ ಬದಲು ಅವರ ದೂರನ್ನು ನೇಯ್ದವನಿಗೆ ತಲುಪಿಸುತ್ತ ಕೂತೆ.

ಏಪ್ರಿಲ್‌ನಲ್ಲಿ ಕೆಂಚಪ್ಪಜ್ಜನ ಕಂಬಳಿಗಳು ಬರುವುದು ತಡವಾಯಿತು. ವಿಚಾರಿಸೋಣವೆಂದು ಊರಿಗೆ ಹೋದೆ. ಮಟಮಟ ಮಧ್ಯಾಹ್ನ, ಬೇವಿನ ಮರದ ಕೆಳಗೆ ಅಜ್ಜ ಹೊಸ ಕಂಬಳಿಯನ್ನು ಕುತ್ತಿಗೆಯವರೆಗೆ ಹೊದ್ದು ಕೂತಿದ್ದಾನೆ. ಹಣೆಯಿಂದ ಬೆವರು ಇಳಿಯುತ್ತಿದೆ.

"ಏನಜ್ಜ ಇದು, ಇಂಥ ಬಿಸಿಲಲ್ಲಿ?"

"ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ. ಇದು ಪುಣೆ ಅಮ್ಮಂಗೆ ಕಳ್ಸೋದು. ಚುಚ್ತೈತೆ ಅಂತಾರಲ್ಲ ಎಲ್ರೂ, ಅದ್ಕೇ ಪಳಗಿಸ್ತಿದೀನಿ. ಇನ್ನೊಂದ್ ವಾರ ಬೇಕು. ಮುಂಬೈದು ನನ್ನ ಹೆಂಡ್ತಿ ಕೆಳಗೈತೆ ನೋಡ್ರಿ."

ಅಜ್ಜಿ ಜಗಲಿಯ ಮೇಲೆ ಮುಂಬೈಯವರ ಕಂಬಳಿ ಹಾಸಿ, ಅದರ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ಅವರ ಮನೆಯಲ್ಲಿ ಬಾಣಂತಿಗೆ ಕೊಡುವ ಕಂಬಳಿಯನ್ನು ಹಿರಿಯರು ತಿಂಗಳುಗಟ್ಟಲೆ ಹೊದ್ದು ಮೆತ್ತಗೆ ಮಾಡಿ ಕೊಡುವ ಪದ್ಧತಿಯಂತೆ. ತಮ್ಮ ಮೈ ಕಾವಿನಲ್ಲಿ ಅದನ್ನು ಹದ ಮಾಡುವುದಕ್ಕಿಂತ ದೊಡ್ಡ ಉಪಚಾರ ಅವರಿಗೆ ಗೊತ್ತಿಲ್ಲ. ಆ ಉಪಚಾರವನ್ನು ಈಗ ಕಂಡರಿಯದ ಊರಿನವರಿಗೂ ನಡೆಸಿದ್ದರು. ನಾನು ಮಜ್ಜಿಗೆ ಕುಡಿದು, ನಕ್ಕು, ಹಾಗೆ ಮಾಡಬೇಡಿ ಎಂದು ಬುದ್ಧಿ ಹೇಳಿದೆ. ಆದರೆ ಹಾಗೆ ಪಳಗಿದ ಬೇರೆ ಎರಡು ಕಂಬಳಿ ಅಷ್ಟರಲ್ಲೇ ಪಾರ್ಸೆಲ್ ಆಗಿ ಹೋಗಿದ್ದವು.

ಹತ್ತು ದಿನಕ್ಕೆ, ಅವನ್ನು ಕೊಂಡವರಲ್ಲಿ ಒಬ್ಬ ಹೆಂಗಸಿನ ಮಾತು ಗ್ರೂಪಿನಲ್ಲಿ ಬಿತ್ತು: ಕೆಂಚಪ್ಪ, ಒಂದು ನಕ್ಷತ್ರ. "ಬೇರೆಯವರು ಬಳಸಿದ ಕಂಬಳಿ ಕಳಿಸಿದ್ದಾರೆ. ಒಳಗೆ ಹುಲ್ಲುಕಡ್ಡಿ ಇತ್ತು. ಇದು ಮೋಸ." ಹದಿಮೂರು ಮನೆಯಲ್ಲೂ ಅದನ್ನು ಓದಿದರು. ನಾನೂ ಓದಿದೆ, ಅಜ್ಜನಿಗೆ ಪಾಠವಾಯಿತು ಬಿಡು ಎಂದುಕೊಂಡೆ. ಅಷ್ಟೊಂದು ಕಲ್ಲು ಮನಸ್ಸು ನನಗೆ ಎಲ್ಲಿಂದ ಬಂತೋ ತಿಳಿಯದು.

ನಾಲ್ಕು ದಿನ ಬಿಟ್ಟು ರತ್ನಮ್ಮ ಫೋನ್ ಮಾಡಿದಳು. "ಮೇಷ್ಟ್ರೆ, ನಮ್ಮ ಮಾವ ಮಗ್ಗ ಬಿಚ್ಚಿಬಿಟ್ಟವ್ರೆ. ಇನ್ ನೇಯಲ್ಲ ಅಂತಾರೆ. ಊಟಾನೂ ಸರಿಯಾಗ್ ಮಾಡ್ತಿಲ್ಲ."

ನಮ್ಮ ಕಡೆ ಹೊಗಳುವ ಅಭ್ಯಾಸ ಮೊದಲೇ ಕಡಿಮೆ. ಸಾರು ರುಚಿಯಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವೆಯೇ ಹೊರತು ಬಾಯಿಬಿಟ್ಟು ಹೇಳುವುದಿಲ್ಲ. ಕೂಸು ಮುದ್ದಾಗಿದ್ದರೆ ದೃಷ್ಟಿಯಾದೀತೆಂದು ಬೇರೆ ಕಡೆ ನೋಡುತ್ತೇವೆ. ಕಂಬಳಿ ಚೆನ್ನಾಗಿತ್ತು ಎಂದು ಕೆಂಚಪ್ಪಜ್ಜನಿಗೆ ಯಾರೂ ಹೇಳಿರಲಾರರು. ಹತ್ತು ವರ್ಷ ಬಿಟ್ಟು, ಹಿಂದೆ ಕೊಂಡ ಮನುಷ್ಯನೇ ಮಗನನ್ನೂ ಕರೆದುಕೊಂಡು ಬಂದು ಇನ್ನೊಂದು ಕೊಡು ಎನ್ನುತ್ತಿದ್ದ, ಅಷ್ಟೇ. ಪುಣೆಯ ಅಮ್ಮ ಹಾಗೆ ಬಂದು ಜಗಲಿಯ ಮೇಲೆ ಕೂರುವವರಲ್ಲ. ಅವರ ಕಡೆಯಿಂದ ಬರಬಹುದಾದದ್ದು ಎರಡು ಮಾತು ಮಾತ್ರ, ಆ ಎರಡು ಮಾತು ಹೋಗುವ ದಾರಿಯನ್ನು ನಾನು ಬೇರೆ ಕಡೆಗೆ ತಿರುಗಿಸಿಟ್ಟಿದ್ದೆ. ಇಷ್ಟೆಲ್ಲ ಹೊಳೆದದ್ದು ಮಾರನೆಯ ದಿನ ಅವನ ಊರಿಗೆ ಹೋಗುವ ಬಸ್ಸಿನಲ್ಲಿ ಅಲ್ಲ, ಅಜ್ಜನ ಎದುರು ಕೂತ ಮೇಲೆ.

"ಹುಡುಗ ಆಗಿದ್ದಾಗಿಂದ ನೇಯ್ತಿದೀನಿ ಮೇಷ್ಟ್ರೆ," ಎಂದ ಅಜ್ಜ. "ಮೋಸ ಅಂತ ಯಾರತ್ರಾನೂ ಅನ್ನಿಸ್ಕಂಡಿರ್ಲಿಲ್ಲ. ಈ ಮೂರ್ ತಿಂಗ್ಳಾಗೆ ಒಬ್ರಾದ್ರೂ ಚೆನ್ನಾಗೈತೆ ಅಂದವ್ರಾ ಹೇಳ್ರಿ. ನನ್ನ ಕೈ ಹೋತು. ಸಾಕು."

ನಾನು ಫೋನು ತೆಗೆದು ಶೀಟು ತೆರೆದೆ. ಮೂರು ತಿಂಗಳಲ್ಲಿ ಒಂದು ಸಲವೂ ಅದನ್ನು ನೋಡಿರಲಿಲ್ಲ. ಕೆಂಚಪ್ಪನ ಹೆಸರು ಇಪ್ಪತ್ತಾರು ಕಡೆ ಇತ್ತು. ಅಜ್ಜನಿಗೆ ಕೇಳುವಂತೆ ಒಂದೊಂದಾಗಿ ಓದಿದೆ: ಆಸ್ಪತ್ರೆಯಿಂದ ಬಂದ ನಮ್ಮ ತಂದೆ ಇದನ್ನು ಬಿಟ್ಟು ಬೇರೆ ಹೊದೆಯುವುದಿಲ್ಲ. ಮಳೆಯಲ್ಲಿ ಗಾಡಿ ಓಡಿಸಿದೆ, ಒಂದು ಹನಿ ಒಳಗೆ ಬರಲಿಲ್ಲ. ಇದರ ಕುರಿ ವಾಸನೆಗೆ ಅಜ್ಜಿ ಮನೆ ನೆನಪಾಗಿ ಅಳು ಬಂತು. ರತ್ನಮ್ಮ ಒಳಗೆ ಹೋಗುವವಳು ಬಾಗಿಲಲ್ಲೇ ನಿಂತಳು. ನನಗೆ ಬಹಳ ನಾಚಿಕೆಯಾಗಿತ್ತು.

"ನೀವು ಇವನ್ನ ಓದಿರ್ಲಿಲ್ವಾ?" ಎಂದ ಅಜ್ಜ.

"ಇಲ್ಲ."

"ಯಾಕ್ರಿ?"

"ಒಳ್ಳೇದಿದ್ರೆ ನಾವು ಮಾಡೋದೇನೂ ಇರಲ್ಲ ಅಂತ."

"ಮಾಡೋದೇನೂ ಇಲ್ಲ, ನಿಜ. ನಂಗೆ ಹೇಳ್ಬೇಕಿತ್ತು, ಅಷ್ಟೆ."

ಅಲ್ಲೇ ಕೂತು ನಿಯಮ ತಿದ್ದಿದೆ. ಇನ್ನು ಎಲ್ಲವೂ ಎಲ್ಲರಿಗೂ. ಅಜ್ಜ ಕೇಳಿದ: "ಅವ್ರು ನಮಗೆ ಸ್ಟಾರು ಕೊಡ್ತಾರಲ್ಲ, ನಾವು ಅವ್ರಿಗೆ ಕೊಡೋದೆಲ್ಲಿ?"

ಅದಕ್ಕೆ ಜಾಗವಿಲ್ಲ ಎಂದೆ. ಅವನು ಒಪ್ಪಲಿಲ್ಲ. "ಹುಲ್ಲುಕಡ್ಡಿ ಕಂಡ ಆ ಅಮ್ಮಂಗೆ ನಾಕು ಹಾಕ್ರಿ. ಕಂಬ್ಳಿ ಬಿಡಿಸಿ ನೋಡವ್ರೆ, ಕಣ್ಣು ಚುರುಕೈತೆ. ಅವ್ರಿಗೊಂದು ಹೊಸ್ದು ನೇಯ್ದು ಕೊಡ್ತೀನಿ, ಯಾರೂ ಹೊದ್ದಿರ್ಬಾರ್ದು ಅಷ್ಟೇ ತಾನೆ?" ಎಂದು ಬಿಚ್ಚಿ ಮೂಲೆಗಿಟ್ಟಿದ್ದ ಮಗ್ಗದ ಮರಗಳ ಕಡೆ ತಿರುಗಿ, ಅವುಗಳ ಮೇಲೆ ಹೇರಿದ್ದ ಗೋಣಿಚೀಲಗಳನ್ನು ಇಳಿಸುವಂತೆ ಸೊಸೆಗೆ ಸನ್ನೆ ಮಾಡಿದ.

ಅಷ್ಟಕ್ಕೇ ಎದ್ದು ಬರಬೇಕಾಗಿತ್ತು. ಮೇಷ್ಟ್ರ ಬುದ್ಧಿ, ತಡೆಯಲಾಗದೆ "ನನಗೆಷ್ಟಜ್ಜ?" ಎಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಂಕೋಚವಿಲ್ಲದೆ "ಎರಡು" ಎಂದ. ರತ್ನಮ್ಮ ಅದನ್ನು ಗ್ರೂಪಿಗೆ ಹಾಕಿದಳು. ನಾನು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಉಳಿದ ಹನ್ನೆರಡು ಮಂದಿಯೂ ಅದಕ್ಕೆ ಹೆಬ್ಬೆರಳು ಎತ್ತಿದ್ದರು. ಕಾರಣ ಕೇಳಿದವರು ಒಬ್ಬರೂ ಇರಲಿಲ್ಲ.